ಐದು ‘ಏಕೆ’ಗಳನ್ನು ಹೊತ್ತು ಸೋಸಲೆಗೆ

ಧನುರ್ಮಾಸದ ಚಳಿ ಇನ್ನೂ ಬಿಟ್ಟಿರಲಿಲ್ಲ. ನಂಜನಗೂಡಿನಿಂದ ಟಿ. ನರಸೀಪುರದ ಬಸ್ಸು ಎಂಟು ಗಂಟೆಗೆ ಹೊರಟಿತು. ಮನೆಗೆ ಬೀಗ ಹಾಕುವಾಗ ಎಲ್ಲಿಗೆಂದು ಕೇಳುವವರು ಯಾರೂ ಇರಲಿಲ್ಲ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು. ಕಂಡಕ್ಟರ್ ನನ್ನ ಹಿರಿಯ ನಾಗರಿಕರ ಕಾರ್ಡು ನೋಡಿ, “ಫೋಟೊದಲ್ಲಿ ವಯಸ್ಸೇ ಆಗಿಲ್ವಲ್ಲ ಯಜಮಾನ್ರೇ,” ಎಂದ. ನರಸೀಪುರದವರೆಗೆ ನನ್ನೊಡನೆ ಆಡಿದ ಮಾತು ಅದೊಂದೇ.

ನಾನು ಹೋಗುತ್ತಿದ್ದುದು ಸೋಸಲೆಯ ಸಿದ್ದರಾಜುವಿನ ಮನೆಗೆ, ಒಂದು ತಪ್ಪು ಒಪ್ಪಿಕೊಳ್ಳಲು. ಬಹಳ ವರ್ಷಗಳ ಹಿಂದೆ ನಂಜನಗೂಡಿನ ಬಳಿ ಜಪಾನಿನವರ ಕಾರ್ಖಾನೆಯೊಂದರಲ್ಲಿ ನಾನು ಸೂಪರ್‌ವೈಸರ್, ಅವನು ನನ್ನ ಕೈಕೆಳಗಿನ ಕೆಲಸಗಾರ. ಲೈನ್ ಎಂದು ಕರೆಯುತ್ತಿದ್ದ ಯಂತ್ರಗಳ ಸಾಲಿನುದ್ದಕ್ಕೂ ತಲೆಯ ಮೇಲೆ ಒಂದು ಹಗ್ಗ. ಏನಾದರೂ ಎಡವಟ್ಟು ಕಂಡರೆ ಯಾರು ಬೇಕಾದರೂ ಎಳೆದು ಇಡೀ ಸಾಲನ್ನು ನಿಲ್ಲಿಸಬಹುದಿತ್ತು. ನಿಲ್ಲಿಸಿದವನಿಗೆ ಜಪಾನಿನ ಎಂಜಿನಿಯರ್ ಸೊಂಟ ಬಾಗಿಸಿ ಥ್ಯಾಂಕ್ಸ್ ಹೇಳುತ್ತಿದ್ದರು. ಕೆಲಸ ನಿಲ್ಲಿಸಿದವನನ್ನು ಬೈದೇ ಅಭ್ಯಾಸವಿದ್ದ ನನಗೆ ಅದು ಒಗ್ಗಲಿಲ್ಲ. ನನ್ನ ಸಾಲು ನಿಂತರೆ ನನ್ನ ಮರ್ಯಾದೆ ಹೋಗುತ್ತದೆ ಎಂದುಕೊಂಡೆ.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ, ಯಾರಿಗೂ ಹೇಳದೆ, ಹಗ್ಗವನ್ನು ಕೈಗೆಟುಕದ ಎತ್ತರದ ಕೊಕ್ಕೆಗೆ ಸಿಕ್ಕಿಸಿದೆ. ಕೆಲಸ ಮತ್ತೆ ಶುರುವಾದ ಹತ್ತೇ ನಿಮಿಷಕ್ಕೆ ಸಿದ್ದರಾಜುವಿನ ಬಲಗೈ ಯಂತ್ರಕ್ಕೆ ಸಿಕ್ಕಿತು. ಎಡಗೈ ಹಗ್ಗಕ್ಕಾಗಿ ಮೇಲಕ್ಕೆ ಹೋಗಿ ತಡಕಾಡಿತು. ಎರಡು ಬೆರಳು ಹೋದವು. ಜನ ಅವನನ್ನು ಎತ್ತಿಕೊಂಡು ಓಡುತ್ತಿದ್ದಾಗ ನಾನು ಹಗ್ಗ ಇಳಿಸಿದೆ.

ಏನಾದರೂ ಅವಘಡವಾದರೆ ಏಕೆ ಎಂದು ಐದು ಸಲ ಕೇಳುತ್ತ ಬೇರಿಗೆ ಇಳಿಯುವುದು ಜಪಾನಿನವರ ಪದ್ಧತಿ. ಮೊದಲನೆಯದಕ್ಕೇ ನಾನು, “ಅವನು ಹಗ್ಗ ಎಳೆಯಲಿಲ್ಲ,” ಎಂದೆ. ಉಳಿದ ನಾಲ್ಕೂ ಆ ಸುಳ್ಳಿನ ಮೇಲೆ ನಿಂತವು. ಆ ಎಂಜಿನಿಯರ್ ಆಸ್ಪತ್ರೆಗೆ ಹೋಗಿ ಸಿದ್ದರಾಜುವಿನ ಹೆಂಡತಿಯ ಮುಂದೆ ಬಾಗಿ ಕ್ಷಮೆ ಕೇಳಿದರು. ನಾನು ಹಣ್ಣಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ತಪ್ಪು ತನ್ನದೇ ಎಂದು ನಾಚಿ ಸಿದ್ದರಾಜು ಕೆಲಸ ಬಿಟ್ಟ.

ನರಸೀಪುರದಲ್ಲಿ ಎರಡು ಇಡ್ಲಿ ತಿಂದೆ. ಸೋಸಲೆಯ ಕಡೆಗೆ ಹೋಗುವ ಎರಡು ಬಸ್ಸು ಕಣ್ಣೆದುರೇ ಹೋದವು, ಹತ್ತಲಿಲ್ಲ. ಮೂರನೆಯದಕ್ಕೆ ಹತ್ತಿದೆ. ಕಾವೇರಿಯಲ್ಲಿ ನೀರಿಗಿಂತ ಮರಳೇ ಹೆಚ್ಚು ಕಂಡಿತು.

ಸಿದ್ದರಾಜು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ. “ದಾರಿ ತಪ್ಪಿದ್ರಾ ಸಾ? ಇಲ್ಲಿ ಲೈನ್ ಗೀನ್ ಇಲ್ಲ ಕಣ್ರೀ,” ಎಂದು ನಕ್ಕ. ಅವನ ಹೆಂಡತಿ ಪುಟ್ಟತಾಯಿ ಕಾಫಿ ತಂದಿಟ್ಟು, “ಕಾಯಿ ಸುಲ್ಯೋಕೂ ತೂಕಡಿಸ್ತಾರೆ ಸಾ. ಅಗ್ಗ ಎಳೆಯೋದೇ ಮರ್ತ ಮನ್ಸ,” ಎಂದು ರೇಗಿಸಿ ಒಳಗೆ ಹೋದಳು. ಅದು ಆ ಮನೆಯ ಹಳೆಯ ತಮಾಷೆ ಇರಬೇಕು, ಅವನೂ ನಕ್ಕ.

ನಾನು ಎಲ್ಲವನ್ನೂ ಹೇಳಿದೆ. ಅವನು ಸಿಟ್ಟಾಗಲಿಲ್ಲ.

“ಅಂಗಾರೆ ನಾನು ಕೈ ಎತ್ತಿದ್ನಾ ಸಾ?”

“ಎತ್ತಿದ್ದೆ ಸಿದ್ದರಾಜು. ಎರಡು ಸಲ ತಡಕಾಡಿದೆ. ನಾನೇ ಕಣ್ಣಾರೆ ಕಂಡೆ.”

“ನಂಗೂ ಅಂಗೇ ಗ್ಯಾನ ಇತ್ತು. ಎಲ್ರೂ ಇಲ್ಲ ಅಂದ್ರು. ಕೊನೆಗೆ ನನ್ನ ಮೇಲೆ ನಂಗೇ ನಂಬ್ಕೆ ಓಯ್ತು ಸಾ. ಆವತ್ತಿಂದ ಒಂದು ಮಗೂನೂ ಗಾಡಿ ಮೇಲೆ ಕೂರಿಸ್ಕಂಡಿಲ್ಲ. ಸಮಯಕ್ಕೆ ಒದಗೋ ಕೈಯಲ್ಲ ಇದು ಅಂತ.”

ಬೆರಳು ಹೋದದ್ದಷ್ಟೇ ನನ್ನ ಪಾಪ ಎಂದುಕೊಂಡು ಬಂದಿದ್ದೆ. ಅವನು ಒಳಗಿದ್ದವಳನ್ನು ಕೂಗಿದ. “ಇವಳ ಮುಂದೆ ಇನ್ನೊಂದ್ಸಲ ಏಳಿ ಸಾ.”

ಹೇಳಿದೆ. ಎರಡನೆಯ ಸಲ ಹೇಳುವುದು ಹೆಚ್ಚು ಕಷ್ಟವಾಯಿತು. ಪುಟ್ಟತಾಯಿ ನನ್ನ ಮುಂದಿದ್ದ ಕಾಫಿ ಲೋಟ ಎತ್ತಿಕೊಂಡಳು. “ಇಷ್ಟು ವರ್ಸ ನನ್ ಕೈಲೇ ಇವ್ರನ್ನ ಆಡ್ಕೊಳಂಗೆ ಮಾಡುದ್ರಲ್ಲ,” ಎಂದಳು. ಆಮೇಲೆ, “ಅನ್ನೆರಡಕ್ಕೆ ಬಸ್ಸದೆ, ಓಗಿ.”

ಕ್ಷಮಿಸುತ್ತೀರಾ ಎಂದು ಕೇಳಬೇಕೆಂದೇ ನಂಜನಗೂಡಿನಿಂದ ಬಂದಿದ್ದೆ. ಕೇಳಲಿಲ್ಲ. ರಸ್ತೆಯ ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದೆ. ಪುಟ್ಟತಾಯಿ ಜಗಲಿಯಲ್ಲಿ ಗಂಡನ ಪಕ್ಕ ಕೂತು ಏನೋ ಕೇಳುತ್ತಿದ್ದಳು, ಅವನು ಎಡಗೈ ಮೇಲೆತ್ತಿ ತೋರಿಸುತ್ತ ಬಿಡಿಸಿ ಬಿಡಿಸಿ ಹೇಳುತ್ತಿದ್ದ. ಇಬ್ಬರೂ ನನ್ನ ಕಡೆ ನೋಡಲಿಲ್ಲ.