ರೆಫರಿ ಎಸೆಯದ ಹಳದಿ ಬಟ್ಟೆ

ಅಮೆರಿಕದ ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯ ಧಾರವಾಡದ ಅಂಕಲ್ ವಾರವಿಡೀ ಕಂಪ್ಯೂಟರುಗಳನ್ನು ಎರಡು ಸಾವಿರದ ಇಸವಿಗೆ ಸಜ್ಜುಮಾಡುವ ವೈ-ಟು-ಕೆ ಕೆಲಸದಲ್ಲಿ ತಲೆ ತಗ್ಗಿಸಿಕೊಂಡಿರುತ್ತಿದ್ದ ಮನುಷ್ಯ. ಶನಿವಾರ ಟಿವಿಯಲ್ಲಿ ಕಾಲೇಜು ಫುಟ್‌ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ, ಶುರುವಾದರೆ ಮಾತ್ರ ಸೋಫಾದ ತುದಿಗೆ ಬಂದುಬಿಡುತ್ತಿದ್ದರು. ಆಟದಲ್ಲಿ ತಪ್ಪು ನಡೆದರೆ ರೆಫರಿ ಹಳದಿ ಬಟ್ಟೆ ಎಸೆಯಬೇಕು. ಅವನು ಎಸೆಯದಿದ್ದರೆ ಇವರೇ ಎಸೆಯುತ್ತಿದ್ದರು. ಅರಿಶಿನ-ಕುಂಕುಮಕ್ಕೆ ಹೋದಾಗ ಆಂಟಿಗೆ ಯಾರೋ ಕೊಟ್ಟ ಹಳದಿ ಕುಬಸದ ಖಣ ನೇರ ಟಿವಿಗೆ ಬಡಿಯುತ್ತಿತ್ತು.

“ಕಣ್ಣಾಗ ಸುಣ್ಣಾ ಹಾಕ್ಕೊಂಡಾನೇನು ಇಂವ?”

“ಬೈಯೂದಿದ್ರ ಬೈರಿ, ನನ್ನ ಖಣಾ ಮುಟ್ಟಬ್ಯಾಡ್ರಿ!” ಎಂದು ಆಂಟಿ ಒಳಗಿಂದ ಕೂಗುತ್ತಿದ್ದರು.

ಕಾಲೇಜು ತಂಡಕ್ಕೆ ಸೇರಿಯೂ ಬೆಂಚಿನ ಮೇಲೇ ಕೂತು ಬೇಸತ್ತಿದ್ದ ಅವರ ಮಗನನ್ನು ಕೊನೆಗೊಮ್ಮೆ ಆಟಕ್ಕೆ ಇಳಿಸಿದ ದಿನ, ಎದುರಾಳಿಗಳ ಸ್ಟೇಡಿಯಮ್ಮಿನಲ್ಲಿ ನಾನೂ ಇದ್ದೆ. ಕೊನೆಯ ಚೆಂಡು ಅವನತ್ತಲೇ ಬಂತು. ಹಿಡಿದರೆ ಗೆಲುವು. ಅಷ್ಟರಲ್ಲಿ ಎದುರಾಳಿ ಹಿಂದಿನಿಂದ ಅವನ ಅಂಗಿ ಹಿಡಿದೆಳೆದ. ಚೆಂಡು ನೆಲಕ್ಕೆ ಬಿತ್ತು, ಹಳದಿ ಬಟ್ಟೆ ಬೀಳಲಿಲ್ಲ. ಅಂಕಲ್ ಜೇಬಿನಿಂದ ಖಣ ತೆಗೆದು ಮೈದಾನಕ್ಕೇ ಬೀಸಿ ಒಗೆದರು. ಗಾರ್ಡುಗಳು ತೋಳು ಹಿಡಿದು ಹೊರಗೆ ತಂದರು.

ಪಾರ್ಕಿಂಗ್ ಲಾಟಿಗೆ ಬಂದ ಮಗ, “ಡ್ಯಾಡ್, ಪ್ಲೀಸ್. ರೆಫ್ ಡಿಡಂಟ್ ಸೀ ಇಟ್,” ಎಂದ.

ಅಂಕಲ್ ಸ್ಟೇಡಿಯಮ್ಮಿನತ್ತ ಬೆರಳು ತೋರಿಸಿದರು. “ಕಾಣ್ಲಿಲ್ಲಂದ್ರ ನಾ ಸುಮ್ನಿರ್ತಿದ್ದೆ ತಮ್ಮಾ. ಅಂವ ನೋಡಿದ. ಬಟ್ಟಿ ತಗಿಲಿಕ್ಕ ಕೈ ಸೊಂಟಕ್ಕ ಒಯ್ದ. ಒದರೋ ಆ ಮಂದೀನ ನೋಡಿ ಕೈ ಹಿಂದಕ್ಕ ತಗೊಂಡ.”

ಮಗ ಹೆಗಲ ಬ್ಯಾಗನ್ನು ನೆಲಕ್ಕೆ ಅಪ್ಪಳಿಸಿ, “ನಾನೂ ನೋಡಿದೆ, ಅಪ್ಪಾ,” ಎಂದ.