ಗೋದಾಮಿನಲ್ಲಿ ಎರಡು ಮೋಟಾರು

ಒಡೆಯುವುದೆಂದರೆ ನನಗೆ ಇಷ್ಟ. ಮುಚ್ಚಿಟ್ಟು ಪ್ರಯೋಜನವಿಲ್ಲ. ನವಿ ಮುಂಬಯಿಯ ಕಾಲೇಜಿನಲ್ಲಿ ಎರಡು ರೋಬೋಟ್‌ಗಳನ್ನು ಗೂಡಿನೊಳಗೆ ಬಿಟ್ಟು, ಒಂದು ಇನ್ನೊಂದನ್ನು ಚಿಂದಿ ಮಾಡುವವರೆಗೆ ಕಾದಾಡಿಸುವ ಆಟ ನೋಡಿದ ದಿನವೇ ಅದರ ಹುಚ್ಚು ಹಿಡಿಯಿತು. ಕಾಲೇಜಿನ ತಂಡ ಸೇರಿದೆ. ಹುಡುಗಿಯೆಂದು ಅಲ್ಲಿನ ಹುಡುಗರು ನನಗೆ ವೈರಿಂಗ್ ಕೊಟ್ಟು ಕೂರಿಸಲು ನೋಡಿದರು. ಜಗಳವಾಡಿ ರೋಬೋಟಿನ ಆಯುಧದ ಕೆಲಸವನ್ನೇ ಕಿತ್ತುಕೊಂಡೆ. ಗರಗರ ತಿರುಗುವ, ಎರಡು ಹಲ್ಲಿನ ಉಕ್ಕಿನ ತಟ್ಟೆ ಅದು. ಅದಕ್ಕೆ ಮೋಟಾರು ಆರಿಸುವ ಕೆಲಸ ನನ್ನದು.

ಎರಡು ಮೋಟಾರು ತಂದಿದ್ದೆ. ಒಂದು ದಪ್ಪದ್ದು, ನಿಧಾನದ್ದು, ಆದರೆ ಏಟು ತಿಂದರೂ ನಿಲ್ಲದ್ದು. ಅದನ್ನು ಹಾಕಿದರೆ ರೋಬೋಟಿನ ತೂಕ ಪಂದ್ಯದ ಮಿತಿ ಮೀರುತ್ತಿತ್ತು, ಕವಚ ತೆಳು ಮಾಡಬೇಕಿತ್ತು. ಇನ್ನೊಂದು ಮುಷ್ಟಿಯಷ್ಟು ಚಿಕ್ಕದು, ಹುಚ್ಚು ವೇಗದ್ದು, ಆದರೆ ಏಟು ತಡೆಯುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಡೊಂಬಿವಲಿಯ ನಮ್ಮ ಹೋಟೆಲಿನ ಹಿಂದಿನ ಗೋದಾಮಿನಲ್ಲಿ, ಅಕ್ಕಿ ಮೂಟೆಗಳ ನಡುವೆ ಒಂದು ಮೇಜಿಗೆ ಬಿಗಿದು ಪರೀಕ್ಷೆಗಿಳಿದೆ. ಗೂಡಿಲ್ಲ, ಅಡ್ಡಕ್ಕೆ ಒಂದು ಹಲಗೆಯೂ ಇಲ್ಲ. ಬುದ್ಧಿಗೇಡಿ ಕೆಲಸ.

ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಅಪ್ಪ ನೋಡಲು ಬಂದರು. ಮೂವತ್ತು ವರ್ಷ ಗ್ರೈಂಡರ್ ಜೊತೆ ಬದುಕಿದವರು. ಸ್ವಿಚ್ ಆರಿಸಿದ ಮೇಲೂ ಗ್ರೈಂಡರ್ ಸ್ವಲ್ಪ ಹೊತ್ತು ತಿರುಗುತ್ತದಲ್ಲ, ಆಗ ಅಂಗೈ ಒತ್ತಿ ನಿಲ್ಲಿಸುವುದು ಹೋಟೆಲಿನವರ ಚಾಳಿ. ಕಾಯಲು ಯಾರಿಗೂ ಪುರುಸೊತ್ತಿಲ್ಲ. ಅಪ್ಪನದು ದೋಸೆ ಹೊಯ್ಯುವ ಕೈ, ಹೋಟೆಲು ನಿಂತಿದ್ದೇ ಅದರ ಮೇಲೆ.

ಚಿಕ್ಕ ಮೋಟಾರಿಗೆ ತಟ್ಟೆ ಹಾಕಿ ಪೂರ್ತಿ ವೇಗ ಕೊಟ್ಟೆ. ಅದರ ಕಿರುಚಾಟಕ್ಕೆ ಕಿಟಕಿಯ ಗಾಜು ಅದುರಿತು. ಎದೆ ಉಬ್ಬಿತು. ಸ್ವಿಚ್ ಆರಿಸಿದೆ. ಸದ್ದು ಇಳಿಯಿತು, ಆದರೆ ಇನ್ನೂ ತಿರುಗುತ್ತಿದ್ದ ವೇಗಕ್ಕೆ ಹಲ್ಲು ಕಾಣಲಿಲ್ಲ. ತಟ್ಟೆ ಸುಮ್ಮನೆ ಹೊಳೆಯುತ್ತಿತ್ತು.

"ಇದು ನಿಲ್ಲಲಿಕ್ಕೆ ಎಷ್ಟು ಹೊತ್ತು ಮಾರಾಯ್ತಿ?" ಎನ್ನುತ್ತಾ ಅಪ್ಪ ಅಂಗೈ ಚಾಚಿದರು.

ಕೂಗಲು ಸಮಯವಿರಲಿಲ್ಲ. ಅಪ್ಪನ ಎದೆಗೆ ಒದ್ದೆ. ಅಪ್ಪ ಹಿಂದಕ್ಕೆ ಹಾರಿ ಮಗ್ಗುಲಾಗಿ ಬಿದ್ದರು, ಹಣೆ ಬಾಗಿಲ ಚೌಕಟ್ಟಿಗೆ ಬಡಿದು ಒಡೆಯಿತು. ನನ್ನ ಸೊಂಟ ತಾಗಿ ಮೇಜು ಮಗುಚಿತು. ತಟ್ಟೆ ಎಣ್ಣೆ ಡಬ್ಬವನ್ನು ಸೀಳಿ, ಮೋಟಾರಿನ ಸಮೇತ ಮೇಜಿನಿಂದ ಕಳಚಿ ನೆಗೆದು ಮೂಟೆಯೊಂದರ ಹೊಟ್ಟೆ ಬಗೆದು ನಿಂತಿತು. ಅಕ್ಕಿ, ಎಣ್ಣೆ, ಅಪ್ಪನ ರಕ್ತ ಎಲ್ಲ ನೆಲದ ಮೇಲೆ.

ನಾನು ಮೂಟೆಯ ಕಡೆ ಓಡಿದೆ. ಮೋಟಾರು ಕಿತ್ತು, ಶಾಫ್ಟ್ ಬಾಗಿದೆಯೋ ಎಂದು ತಿರುಗಿಸಿ ನೋಡಿದೆ. ನೇರವಾಗಿತ್ತು. ಇಷ್ಟಾದರೂ ಬಾಗಿಲ್ಲವಲ್ಲ, ಇದೇ ಸರಿ ಎಂದು ತೀರ್ಮಾನಿಸಿದೆ. ಖುಷಿಯಾಯಿತು, ನಾಚಿಕೆ ಬಿಟ್ಟು ಹೇಳುತ್ತೇನೆ. ಆಮೇಲೆ ಅಪ್ಪನ ಕಡೆ ತಿರುಗಿದೆ.

ಸದ್ದಿಗೆ ಓಡಿಬಂದ ಅಮ್ಮ ವಿಷಯ ತಿಳಿದು, ಹೆತ್ತ ಅಪ್ಪನಿಗೆ ಕಾಲೆತ್ತಿದವಳು ಮೊದಲು ಕಾಲಿಗೆ ಬೀಳಲಿ ಎಂದು ಅಳತೊಡಗಿದರು. ಬಗ್ಗಿದೆ. ಅಪ್ಪ ಹಣೆಗೆ ಪಂಚೆಯ ತುದಿ ಒತ್ತಿಕೊಂಡು ಪಾದ ಹಿಂದಕ್ಕೆ ಎಳೆದುಕೊಂಡರು.

"ಒದ್ದದ್ದಕ್ಕೆ ಬೇಜಾರಿಲ್ಲ ಮಗಾ. ಒದೀದಿದ್ರೆ ಕೈ ಹೋಗ್ತಿತ್ತು. ಆದ್ರೆ ನೀನು ಮೊದ್ಲು ಓಡಿದ್ದು ಅದ್ರ ಹತ್ರ."

ಇಲ್ಲ ಎನ್ನಲು ಬಾಯಿ ತೆರೆದೆ. ಮೋಟಾರು ನನ್ನ ಕೈಯಲ್ಲೇ ಇತ್ತು, ಇನ್ನೂ ಬಿಸಿಯಾಗಿತ್ತು.