ಮಲೀನಾ ಅಂದರೆ ಹಣ್ಣು

ರಾಸ್‌ಬೆರಿ ಹಣ್ಣು ಸಕ್ಕರೆಯಲ್ಲಿ ಕುದಿಯುವ ವಾಸನೆ ಎಲ್ಲಿಂದಲಾದರೂ ತೇಲಿಬಂದರೆ ನಾನು ಇಂದಿಗೂ ಅಮೆರಿಕದ ಅಟ್ಲಾಂಟಾ ಬಳಿಯ ಕಮ್ಮಿಂಗ್‌ನ ನಮ್ಮ ಹಳೆಯ ಮನೆಯ ಹಿತ್ತಿಲಲ್ಲಿ ನಿಂತುಬಿಡುತ್ತೇನೆ. ಈಗ ಆ ಮನೆ ಬೇರೆಯವರದು. ನಿಮಗೂ ಅಂಥದೊಂದು ಹಿತ್ತಿಲು ಇದ್ದೀತು. ಆಗ ನನಗೆ ಹದಿಮೂರು ವರ್ಷ. ಚಳಿಗಾಲದಲ್ಲಿ ಧಾರವಾಡದಿಂದ ಬಂದಿದ್ದ ಅಜ್ಜಿ, ಕೋವಿಡ್ ಬಂದು ವಿಮಾನಗಳು ನಿಂತಿದ್ದರಿಂದ ನಮ್ಮಲ್ಲೇ ಉಳಿದಿದ್ದಳು. ಅಮ್ಮ ಡಾಕ್ಟರು, ಆಸ್ಪತ್ರೆಯಿಂದ ಬಂದವಳು ಯಾರನ್ನೂ ಮುಟ್ಟದೆ ಬೇಸ್‌ಮೆಂಟಿಗೆ ಇಳಿದುಹೋಗುತ್ತಿದ್ದಳು. ಅಪ್ಪ ಬಾಗಿಲು ಹಾಕಿಕೊಂಡು ಮೀಟಿಂಗುಗಳಲ್ಲಿ. ಮಾತಿಗೆ ಉಳಿದದ್ದು ಅಜ್ಜಿ, ನಾನು ಇಬ್ಬರೇ.

ಆ ವಸಂತದಲ್ಲಿ ಪಕ್ಕದ ಮನೆಗೆ ಪೋಲೆಂಡ್ ಮೂಲದ ತಂದೆ, ಮಗಳು ಬಂದರು. ನನ್ನ ವಯಸ್ಸಿನ ಹುಡುಗಿ. ಬೇಲಿಯಾಚೆ ನಿಂತು, ಹೆಸರು ಮಲೀನಾ ಎಂದಳು. ಅಜ್ಜಿಯ ಮುಖ ಸಣ್ಣದಾಯಿತು.

"ಮಲಿನಾ? ಕೂಸಿಗೆ ಹೊಲಸು ಅಂತ ಹೆಸರಿಡ್ತಾರೇನ? ಯಾಕ ಇಟ್ಟಾರ, ಕೇಳು."

ನಾನು ನಾಚಿಕೊಂಡೇ ಕೇಳಿದೆ. ಅವಳ ಭಾಷೆಯಲ್ಲಿ ಮಲೀನಾ ಅಂದರೆ ರಾಸ್‌ಬೆರಿ. ಹಣ್ಣಿನ ಹೆಸರನ್ನೇ ಹುಡುಗಿಗೆ ಇಡುವುದು ಅಲ್ಲೂ ಅಪರೂಪವಂತೆ. ಪೋಲೆಂಡಿನ ತನ್ನೂರ ಕಾಡಿನಂಚಿನಲ್ಲಿ ಆ ಹಣ್ಣು ಬಿಡಿಸುತ್ತ ಬೆಳೆದ ಅವಳ ತಾಯಿ, ಅಟ್ಲಾಂಟಾದಲ್ಲಿ ಬಸುರಿಯಾದಾಗ ಅದಕ್ಕಾಗಿಯೇ ಹಂಬಲಿಸಿದಳಂತೆ. ತಾಯಿ ತೀರಿಹೋಗಿ ಬಹಳ ವರ್ಷವಾಗಿತ್ತು. ಅಮ್ಮನ ಬಾಯಲ್ಲಿ ತನ್ನ ಹೆಸರು ಹೇಗೆ ಕೇಳುತ್ತಿತ್ತು ಎಂಬುದೇ ನೆನಪಿಲ್ಲ ಎಂದಳು ಮಲೀನಾ.

ನಾನು ಕನ್ನಡದಲ್ಲಿ ತಡವರಿಸುತ್ತ ಹೇಳಿದ್ದನ್ನೆಲ್ಲ ಅಜ್ಜಿ ಕಿವಿಗೊಟ್ಟು ಕೇಳಿದಳು. ಆಮೇಲೆ, "ಬಸುರಿ ಬಯಕಿ ಹೆಸರವ್ವ ಇದು. ಇದರಾಗ ಹೊಲಸು ಎಲ್ಲೈತಿ?" ಎಂದವಳೇ ಬೇಲಿಯತ್ತ ತಿರುಗಿ, "ಹಣ್ಣವ್ವಾ" ಎಂದು ಕರೆದಳು. ಮರುದಿನ ಅಪ್ಪನಿಂದ ರಾಸ್‌ಬೆರಿ ತರಿಸಿ, ಸಕ್ಕರೆ, ಏಲಕ್ಕಿ ಹಾಕಿ ಕುದಿಸಿ, ಉದ್ದನೆಯ ಸೌಟಿನಲ್ಲಿ ಬೇಲಿಯ ಮೇಲಿಂದ ಅವಳ ಬಟ್ಟಲಿಗೆ ಸುರಿದಳು. ಇನ್ನೂ ಬಿಸಿಯಿದ್ದ ಕೆಂಪು ರಸ ತುಟಿಗೆ ತಾಗಿ ಮಲೀನಾ ನಕ್ಕಳು, ಆಮೇಲೆ ಅತ್ತಳು. ಆ ಬೇಸಿಗೆಯೆಲ್ಲ ಅವರಿಬ್ಬರೂ ಬೇಲಿಯ ಆಚೆ ಈಚೆ ಕುರ್ಚಿ ಹಾಕಿಕೊಂಡು ಮಾತಾಡಿದರು. ಮೊದಮೊದಲು ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಸಲು ನಾನು ನಡುವೆ ಬೇಕಾಗುತ್ತಿದ್ದೆ. ಬರಬರುತ್ತ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ.

ವಿಮಾನಗಳು ಮತ್ತೆ ಹಾರಿದವು, ಅಜ್ಜಿ ಹೊರಟಳು. ನಾವು ಮನೆ ಮಾರಿ ಶಾರ್ಲೆಟ್‌ಗೆ ಬಂದೆವು. ಹೋದ ವರ್ಷ ಅಜ್ಜಿ ತೀರಿಕೊಂಡಾಗ ಮಲೀನಾಗೆ ಫೋನ್ ಮಾಡಿದೆ. ಸುದ್ದಿ ಕೇಳಿದವಳು ಅಜ್ಜಿಯ ಅಪ್ಪಟ ಧಾರವಾಡದ ರಾಗದಲ್ಲಿ, ನನ್ನ ಬಾಯಲ್ಲಿ ಎಂದೂ ಹೊರಳದ ರಾಗದಲ್ಲಿ ಕೇಳಿದಳು:

"ಏನರ ಉಂಡೀಯೇನ?"

ಇಲ್ಲ ಎಂದೆ.

"ಉಣ್ಣು ಮೊದಲ. ನಾ ಇಲ್ಲೇ ಇರ್ತೀನಿ."